ಒಂದು ನಿಮಿಷ ಸುಮ್ಮನೆ ನಿಂತದ್ದು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಚಿಕ್ಕಂದಿನಿಂದಲೂ ಹಾಗೆಯೇ. ಊಟಕ್ಕೆ ಕೂತರೆ ನಡುವೆ ಏಳುತ್ತೇನೆ, ಬಸ್ಸಿಗೆ ಕಾಯುವ ಬದಲು ಮುಂದಿನ ಸ್ಟಾಪಿನವರೆಗೆ ನಡೆದುಬಿಡುತ್ತೇನೆ. "ಇಕಿ ಕಾಲಾಗ ಚಕ್ರ ಅದಾವ" ಎನ್ನುತ್ತಿದ್ದರು ಅಪ್ಪ. ಇಂಥವಳಿಗೆ ಸಿಕ್ಕ ಕೆಲಸ ನೋಡಿ: ಸಾಕ್ಷ್ಯಚಿತ್ರಗಳಿಗೆ ಧ್ವನಿ ಮುದ್ರಿಸುವುದು. ಚಿತ್ರೀಕರಣದ ಜಾಗದಲ್ಲಿ ಎಲ್ಲರಿಗಿಂತ ಹೆಚ್ಚು ಸುಮ್ಮನಿರಬೇಕಾದವಳು ನಾನೇ. ಕಾಲು ಬದಲಿಸಿ ನಿಂತರೂ ಟೇಪಿನಲ್ಲಿ ಕೇಳಿಸುತ್ತದೆ, ಆಮೇಲೆ ಬೈಸಿಕೊಳ್ಳಬೇಕು.

ನಮ್ಮದು ಬಾಗಲಕೋಟೆ ಕಡೆಯ ಮನೆತನ. ಅಪ್ಪ ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಲಿಂಗಂಪಲ್ಲಿಯ ಆಚೆ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಾನು ಬೆಳೆದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಆಟೊ ಹತ್ತಿದರೆ ಹಿಂದಿ. ಶನಿವಾರ ಸಂಜೆ ಕಾಲೊನಿಯ ಮೈದಾನದಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಅದಕ್ಕೂ ಮೊದಲು ಸರ್ಕಾರದ ಒಂದು ಸಾಕ್ಷ್ಯಚಿತ್ರವನ್ನು ನುಂಗಲೇಬೇಕಿತ್ತು. ಅಣೆಕಟ್ಟು, ಗೋಧಿ, ನೆರೆ ಪರಿಹಾರ, ಎಲ್ಲದರ ಮೇಲೂ ಸರ್ವವನ್ನೂ ಬಲ್ಲ ಒಂದು ಗಂಡು ದನಿ. ಆ ಹೊತ್ತಿಗೆ ಜನ ಶೇಂಗಾ ತರಲು ಏಳುತ್ತಿದ್ದರು.

ಒಮ್ಮೆ ನಮ್ಮ ಕಾರ್ಖಾನೆಯದೇ ಚಿತ್ರ ಬಂತು. ಪಾಳಿ ಮುಗಿಸಿದ ಕಾರ್ಮಿಕರು ನಗುನಗುತ್ತ ಗೇಟು ದಾಟಿ ಬರುತ್ತಿದ್ದಾರೆ, ನಡುವೆ ಅಪ್ಪ. ನಾನು ಹೆಮ್ಮೆಯಿಂದ ಕುಣಿದೆ. ಅಪ್ಪ ಶೇಂಗಾ ಸುಲಿಯುತ್ತ ಹೇಳಿದರು: "ಅವತ್ತು ಐತ್ವಾರ, ಕಾರ್ಖಾನಿಗೆ ರಜಾ. ಇಸ್ತ್ರಿ ಅಂಗಿ ಹಾಕ್ಕೊಂಡು ಬರ್ರಿ ಅಂತ ಕರಸಿ, ಒಳಗ ಹೊರಗ ನಡಸಿದ್ದಾ ನಡಸಿದ್ದು. ನಗ್ರಿ ಅಂದ್ರು, ನಕ್ಕಿವಿ." ಅವರಿಗೆ ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಸಿಟ್ಟು ಬಂದದ್ದು ನನಗೆ. ಸಿನಿಮಾದಲ್ಲಿ ಹೀರೊ ಗುಂಡು ತಿಂದು ಸತ್ತರೆ ಅವನು ನಿಜವಾಗಿ ಸತ್ತಿಲ್ಲ ಎಂದು ಎಲ್ಲರಿಗೂ ಗೊತ್ತು. ಇದು ಹಾಗಲ್ಲವಲ್ಲ. ಇದು ನಿಜ ಎಂದು ಹೇಳಿಯೇ ತೋರಿಸಿದ್ದು. ಆ ಸಿಟ್ಟು ಇಟ್ಟುಕೊಂಡೇ ನಾನು ಈ ಕಸುಬಿಗೆ ಬಂದೆ ಎಂದರೆ ನಗಬೇಡಿ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಊರಿಗೇ ಕಾಲು ನಿಲ್ಲದಂತಾಗಿತ್ತು. ಮಾದಾಪುರ, ಗಚ್ಚಿಬೌಲಿ ಕಡೆ ಹೋದ ವಾರ ಇದ್ದ ಬಂಡೆ ಈ ವಾರ ಇರುತ್ತಿರಲಿಲ್ಲ. ಮದ್ದು ಸಿಡಿಸುವ ಸದ್ದಿಗೆ ನಮ್ಮ ಕ್ವಾರ್ಟರ್ಸಿನ ಕಿಟಕಿಗಳೂ ಅದುರುತ್ತಿದ್ದವು. ಬಂಡೆ ಹೋದ ಕಡೆ ಗಾಜಿನ ಕಟ್ಟಡ ಏಳುತ್ತಿತ್ತು, ಅದರೊಳಗೆ ಕಂಪ್ಯೂಟರ್, ಅದರ ಮುಂದೆ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗರು. ಪತ್ರಿಕೆ, ಟೀವಿ, ಎಲ್ಲೆಲ್ಲೂ ಆ ಹುಡುಗರೇ. ಗಾಜಿನ ಕಟ್ಟಡ ಕಟ್ಟುವವರ ಬಗ್ಗೆ ಚಿತ್ರ ಮಾಡಬೇಕೆಂದು ಒಬ್ಬ ನಿರ್ದೇಶಕರು ಹೊರಟರು. ಉತ್ತರದ ಕಡೆಯವರು, ಹಿಂದಿಯಲ್ಲಿ ಮಾತಾಡುವವರು, ಮನುಷ್ಯ ಒಳ್ಳೆಯವರು. ಕಟ್ಟಡದ ಆಳುಗಳಲ್ಲಿ ಬಹಳಷ್ಟು ಜನ ರಾಯಚೂರು, ಯಾದಗಿರಿ ಕಡೆಯವರಾದ್ದರಿಂದ ಕನ್ನಡ ಬಲ್ಲ ಧ್ವನಿಮುದ್ರಕಿ ಬೇಕಿತ್ತು. ಹಾಗೆ ನನ್ನನ್ನು ಕರೆದರು. ಚಿತ್ರದಲ್ಲಿರುವವರಿಗೇ ಮೊದಲು ತೋರಿಸಿ, ಅವರು ಬೇಡವೆಂದದ್ದನ್ನು ತೆಗೆದು, ಆಮೇಲೆ ಹೊರಗೆ ತೋರಿಸುವುದು ಎಂದು ಅವರು ಆಳುಗಳ ಎದುರಿಗೇ ಮಾತು ಕೊಟ್ಟರು. ಆ ಮಾತಿಗೇ ನಾನು ಅವರನ್ನು ಮೆಚ್ಚಿದ್ದು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ, ರೂಮ್ ಟೋನ್ ಎನ್ನುತ್ತಾರೆ. ಒಂದು ಜಾಗದ ಕೆಲಸ ಮುಗಿದ ಮೇಲೆ ಎಲ್ಲರೂ ಒಂದು ನಿಮಿಷ ಮಾತಿಲ್ಲದೆ ನಿಲ್ಲಬೇಕು. ಆ ಜಾಗದ ಬರಿಯ ಸದ್ದು, ಗಾಳಿ, ದೂರದ ರಸ್ತೆ, ತಗಡಿನ ಕಿರುಗುಟ್ಟುವಿಕೆ, ಇಷ್ಟನ್ನು ಮುದ್ರಿಸಿಕೊಳ್ಳುತ್ತೇವೆ. ಮುಂದೆ ಚಿತ್ರ ಜೋಡಿಸುವಾಗ ಮಾತು ಕತ್ತರಿಸಿದ ಕಡೆ ಅದನ್ನು ತೇಪೆ ಹಾಕುತ್ತೇವೆ.

ಅವತ್ತು ಮಧ್ಯಾಹ್ನ ಕಾಂಕ್ರೀಟು ಕಲಸುವ ಯಂತ್ರ ನಿಂತಿತ್ತು. ಎಲ್ಲರೂ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದರು. ನಾನು ಗಟ್ಟಿಯಾಗಿ ಕೂಗಿದೆ: "ಒಂದ್ ನಿಮಿಷ ಎಲ್ಲಾರೂ ಸುಮ್ನ ನಿಲ್ರಿ. ಯಾರೂ ಮಾತಾಡಬ್ಯಾಡ್ರಿ." ಸದ್ದು ಮಾಡದಿದ್ದರೆ ಸಾಕಿತ್ತು, ಕೂತಿದ್ದರೂ ಆಗುತ್ತಿತ್ತು. ಅವರು ರೊಟ್ಟಿ ಕೆಳಗಿಟ್ಟು ಎದ್ದರು. ಗಂಡಸರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದರು. ಹೆಂಗಸರು ಸೆರಗು ಹೊದ್ದರು. ಎಲ್ಲರೂ ತಲೆ ತಗ್ಗಿಸಿ ನಿಂತರು. ಅವರ ಪಾಲಿಗೆ ಒಂದು ನಿಮಿಷ ಸುಮ್ಮನೆ ನಿಲ್ಲುವುದೆಂದರೆ ಒಂದೇ ಅರ್ಥ. ದೊಡ್ಡ ಮನುಷ್ಯರು ಯಾರಾದರೂ ತೀರಿಕೊಂಡರೆ ಮೇಸ್ತ್ರಿ ಅವರನ್ನು ಹಾಗೆ ನಿಲ್ಲಿಸುತ್ತಿದ್ದ. ಯಾರು, ಏನು ಎಂದು ಯಾರೂ ಕೇಳಲಿಲ್ಲ. ಕ್ಯಾಮೆರಾದವನಿಗೆ ಆ ಹೊತ್ತು ಕೆಲಸವಿರಲಿಲ್ಲ. ಆದರೆ ಇದನ್ನು ನೋಡಿದ್ದೇ ಅವನು ಕ್ಯಾಮೆರಾ ಚಾಲೂ ಮಾಡಿದ, ಮುಂದೆ ನಿಂತಿದ್ದ ಒಬ್ಬ ಹೆಂಗಸಿನ ಮುಖದ ಮೇಲೆ ನಿಲ್ಲಿಸಿದ.

ನಿಮಿಷ ಮುಗಿಯಿತು. ಆ ಹೆಂಗಸು ತಲೆಯೆತ್ತಿ ಮೆಲ್ಲಗೆ ಕೇಳಿದಳು: "ಯಾರು ಸತ್ತಾರ ತಂಗಿ?"

"ಯಾರೂ ಸತ್ತಿಲ್ಲಕ್ಕ. ಸುಮ್ನಿದ್ದಾಗ ಈ ಜಾಗಾ ಹೆಂಗ ಕೇಳತೈತಿ ಅಂತ ತುಂಬ್ಕೊಳಾಕತ್ತಿದ್ವಿ."

"ಸುಮ್ನಿರೂದನ್ನ ತುಂಬ್ಕೊಂಡು ಹೋಗಾಕ ಇಷ್ಟು ಸಾಮಾನು ಹೊತ್ಕೊಂಡು ಬಂದೀರಿ? ನಮ್ಮತ್ತಿ ಬಾಯಿ ಮುಚ್ಚಿದಾಗ ಹೇಳಿ ಕಳಸ್ತೀನಿ, ಬಂದು ತುಂಬ್ಕೊಂಡು ಹೋಗು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಮೈಕು ಇನ್ನೂ ಚಾಲೂ ಇತ್ತು.

ಅವತ್ತಿನಿಂದ ಅವಳಿಗೂ ನನಗೂ ಮಾತು ಬೆಳೆಯಿತು. ರಾಯಚೂರು ಕಡೆಯ ಹಳ್ಳಿಯವಳು. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ತಗಡಿನ ಶೆಡ್ಡುಗಳ ಸಾಲಿನಲ್ಲಿ ಅತ್ತೆ ಮತ್ತು ಮೈದುನನ ಜೊತೆ ಇದ್ದಳು. ಮೈದುನ ಅದೇ ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಗಂಡ ವರ್ಷಗಳ ಹಿಂದೆ ಯಾವುದೋ ಗುಂಪಿನ ಜೊತೆ ಪುಣೆ ಕಡೆ ಕೆಲಸಕ್ಕೆ ಹೋದವನು. ಮೊದಮೊದಲು ಅಂಗಡಿಯ ಫೋನಿಗೆ ಫೋನು ಮಾಡುತ್ತಿದ್ದ, ಆಮೇಲೆ ಅದೂ ನಿಂತಿತು. ಹುಡುಕಿದವರಿಗೆ ಒಬ್ಬರು ಮುಂಬೈ ಎಂದರು, ಒಬ್ಬರು ಗೋವೆ ಎಂದರು.

ಒಂದು ದಿನ ಟ್ರಂಕಿನಿಂದ ಫೋಟೊ ತೆಗೆದು ತೋರಿಸಿದಳು. ನಾಂಪಲ್ಲಿಯ ಜನವರಿ ಎಕ್ಸಿಬಿಷನ್ನಿನಲ್ಲಿ ತೆಗೆಸಿದ್ದು. ರಟ್ಟಿನ ವಿಮಾನದೊಳಗೆ ಗಂಡ ಹೆಂಡತಿ ಇಬ್ಬರೂ ಕೂತಿದ್ದಾರೆ, ಹಿಂದೆ ಬಣ್ಣ ಬಳಿದ ಮೋಡ. ಅವನ ಎಡ ಹುಬ್ಬಿನಲ್ಲಿ ಒಂದು ಗಾಯದ ಗೆರೆ.

"ಚೊಲೋತ್ನಾಗಿ ನೋಡ್ಕೊ ತಂಗಿ. ನೀ ಊರೂರು ತಿರಗಾಕಿ. ಇಂವ ಒಂದ್ ಕಡೆ ಕುಂಡ್ರೂದಿಲ್ಲ, ಕಾಲು ನಿಲ್ಲೂದಿಲ್ಲ, ನಿನ್ನಂಗ. ಪಿಚ್ಚರಿಗೆ ಹೋದ್ರೂ ಬಾಗಲದಾಗ ನಿಂತಾ ನೋಡ್ತಾನ." ಫೋಟೊ ಮತ್ತೆ ಸೀರೆಯ ಮಡಿಕೆಯಲ್ಲಿಡುತ್ತ ಅಂದಳು: "ನಿಮ್ಮ ಪಿಚ್ಚರದಾಗ ಬರಾಕ ನಾ ಯಾಕ ಒಪ್ಪೀನಿ ಅಂದ್ಕೊಂಡಿ? ಎಲ್ಲೆರ ತೋರಸ್ತೀರಲ್ಲ. ಅಂವ ನೋಡ್ಲಿ."

ಅವಳ ಕಷ್ಟ ಬೇರೆಯೇ ಇತ್ತು. ಮೈದುನನಿಗೆ ಹೆಣ್ಣು ಗೊತ್ತಾಗಿತ್ತು. ಆದರೆ ಮನೆಯಲ್ಲಿ ಒಂದು ಸಾವು ಬಾಕಿ ಇಟ್ಟುಕೊಂಡು ಮದುವೆ ಹೇಗೆ ಮಾಡುವುದು ಎಂದು ಹೆಣ್ಣಿನ ಕಡೆಯವರು ಕೇಳುತ್ತಿದ್ದರು. ಅವರ ಊರ ಕಡೆ, ಬಿಟ್ಟುಹೋದವನ ಸುದ್ದಿ ವರ್ಷಗಟ್ಟಲೆ ಇಲ್ಲದಿದ್ದರೆ ಹುಲ್ಲಿನ ಗೊಂಬೆ ಮಾಡಿ, ಅವನ ಅಂಗಿ ತೊಡಿಸಿ, ಅದನ್ನು ಮಣ್ಣು ಮಾಡುತ್ತಾರೆ. ಹೆಂಡತಿಯ ಬಳೆ ಒಡೆದು ತಾಳಿ ತೆಗೆಸುತ್ತಾರೆ. ಅಲ್ಲಿಗೆ ಮನೆ ಶುದ್ಧ. ಅತ್ತೆ ದಿನಾ ಅತ್ತು ಕರೆದು ಗೊಂಬೆ ಮಾಡೋಣ ಎನ್ನುತ್ತಿದ್ದಳು. ಇವಳು ಅವನ ಒಂದೇ ಅಂಗಿಯನ್ನು ಟ್ರಂಕಿಗೆ ಹಾಕಿ ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಚಿತ್ರದ ಜೋಡಣೆ ತಾರ್ನಾಕದಲ್ಲಿ, ಯೂನಿವರ್ಸಿಟಿಯ ಪಕ್ಕದ ಒಂದು ಬಾಡಿಗೆ ಕೋಣೆಯಲ್ಲಿ ನಡೆಯಿತು. ಒಂದು ಕಂಪ್ಯೂಟರ್, ಎರಡು ಕುರ್ಚಿ, ಕಿಟಕಿಗೆ ಕಪ್ಪು ಬಟ್ಟೆ. ನಾನು ಹೋದಾಗ ನಿರ್ದೇಶಕರು ಖುಷಿಯಲ್ಲಿದ್ದರು. ನೋಡು ಎಂದರು. ಪರದೆಯ ಮೇಲೆ ಒಬ್ಬ ಮುದಿ ಗಾರೆಯವನು ಬೇರೊಂದು ಕಟ್ಟಡದಲ್ಲಿ ಮೇಲಿನಿಂದ ಬಿದ್ದು ಸತ್ತ ಆಳಿನ ಕಥೆ ಹೇಳುತ್ತಾನೆ. ಅವನ ಮಾತು ನಿಲ್ಲುತ್ತದೆ. ತಕ್ಷಣ ನಮ್ಮ ರಾಯಚೂರಿನ ಅಕ್ಕನ ಮುಖ, ತಗ್ಗಿದ ತಲೆ, ಹೊದ್ದ ಸೆರಗು. ಆಮೇಲೆ ಟವೆಲ್ ಹಿಡಿದು ನಿಂತ ಗಂಡಸರು. ಪೂರ್ತಿ ಮೌನ. ಅವಳ ಪ್ರಶ್ನೆ ಇಲ್ಲ, ನನ್ನ ಉತ್ತರ ಇಲ್ಲ, ನಗು ಇಲ್ಲ.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಸರ್, ಇದನ್ನು ನೋಡಿದವರು ಸತ್ತವನ ಹೆಂಡತಿ ಇವಳೇ ಅಂದುಕೊಳ್ಳುತ್ತಾರೆ. ಇವಳ ಗಂಡ ಸತ್ತಿಲ್ಲ."

"ನಾನೆಲ್ಲಿ ಹಾಗೆ ಹೇಳಿದ್ದೇನೆ? ಇಡೀ ಚಿತ್ರದಲ್ಲಿ ಒಂದು ಮಾತು ತೋರಿಸು ನೋಡೋಣ."

ಒಂದು ಮಾತೂ ಇರಲಿಲ್ಲ, ನಿಜ. ಅಪ್ಪನ ಕಾಲದ ಚಿತ್ರಗಳಲ್ಲಿ ಆ ಗಂಡು ದನಿಯಾದರೂ ಇರುತ್ತಿತ್ತು, ಸುಳ್ಳು ಹೇಳಿದರೆ ಕಿವಿಗೆ ಬೀಳುತ್ತಿತ್ತು. ನಮ್ಮ ಕಾಲದ ಚಿತ್ರದವರು ಆ ದನಿಯನ್ನು ಓಡಿಸಿ, ನಾವು ಏನೂ ಹೇಳುವುದಿಲ್ಲ, ಬರೀ ತೋರಿಸುತ್ತೇವೆ ಎಂದು ಎದೆಯುಬ್ಬಿಸಿದರು. ಈಗ ಕತ್ತರಿಯೇ ಹೇಳುತ್ತದೆ, ಕೇಳಿದರೆ ನಾನಲ್ಲಪ್ಪ ಎನ್ನುತ್ತದೆ. ಇದನ್ನು ಅಷ್ಟು ಚೆಂದವಾಗಿ ಅಲ್ಲ, ಕೈಬಾಯಿ ತಿರುಗಿಸಿ ಜಗಳದಲ್ಲೇ ಹೇಳಿದೆ.

ಅವರು ಜಗಳಕ್ಕೆ ಬರಲಿಲ್ಲ. "ಆ ಬಿದ್ದು ಸತ್ತವನಿಗಾಗಿ ಯಾರೂ ಒಂದು ನಿಮಿಷ ನಿಲ್ಲಲಿಲ್ಲ. ಮಾರನೆಯ ದಿನ ಕೆಲಸ ನಡೆಯಿತು. ನನ್ನ ಚಿತ್ರದಲ್ಲಾದರೂ ಅವನಿಗಾಗಿ ನಾಲ್ಕು ಜನ ನಿಲ್ಲಲಿ ಅಂತ." ಹೀಗೆಂದು ಕಣ್ಣೊರೆಸಿಕೊಂಡರು. ಅದೂ ಸುಳ್ಳಲ್ಲವಲ್ಲ. ಕೊನೆಗೆ, "ಕೊಟ್ಟ ಮಾತಿನಂತೆ ಅವರಿಗೇ ತೋರಿಸೋಣ, ಅವರೇ ಹೇಳಲಿ" ಎಂದರು. ನಾನು ಕೋಣೆಯಿಂದ ಹೊರಬಿದ್ದು ಯೂನಿವರ್ಸಿಟಿಯ ಮರಗಳ ಕೆಳಗೆ ಸಿಟ್ಟು ಇಳಿಯುವವರೆಗೆ ನಡೆದೆ. ಅದು ಇಳಿಯಲಿಲ್ಲ, ಕಾಲು ನೋಯಿತು ಅಷ್ಟೇ.

ಶೆಡ್ಡುಗಳ ನಡುವೆ ಬೆಡ್‌ಶೀಟ್ ಕಟ್ಟಿ, ಬಾಡಿಗೆಗೆ ತಂದ ಪ್ರೊಜೆಕ್ಟರಿನಲ್ಲಿ ತೋರಿಸಿದೆವು. ತಮ್ಮ ಮುಖ ಕಂಡಾಗಲೆಲ್ಲ ಜನ ಸಿಳ್ಳೆ ಹಾಕಿದರು. ಆ ಭಾಗ ಬಂತು. ಮುದುಕನ ಕಥೆ, ಅದರ ಬೆನ್ನಿಗೆ ಅವಳ ಮುಖ. ಸಿಳ್ಳೆ ನಿಂತಿತು. ಅವತ್ತು ತಾವೇ ನಕ್ಕವರು ಇವತ್ತು ಅದನ್ನು ಮರೆತಂತೆ ಲೊಚಗುಟ್ಟಿದರು. ನಾನು ನಂಬಿದ್ದು ಅವರ ನೆನಪನ್ನು. ಪರದೆಯ ಮೇಲಿನದು ಅವರ ನೆನಪಿಗಿಂತ ಗಟ್ಟಿಯಾಗಿತ್ತು. ಕತ್ತಲಲ್ಲಿ ಅತ್ತೆ "ನನ್ನ ಮಗನಾ" ಎಂದು ದನಿ ತೆಗೆದಳು. ಮೈದುನ ಪಕ್ಕದವನಿಗೆ ಹೇಳಿದ್ದು ನನಗೆ ಕೇಳಿಸಿತು: "ನೋಡ್, ನಮ್ಮ ಅತ್ತಿಗಿನೂ ಮನಸ್ಸಿನ್ಯಾಗ ಒಪ್ಕೊಂಡಾಳ. ಇನ್ನ ಗೊಂಬಿ ಮಾಡಾಕ ಅಡ್ಡಿ ಇಲ್ಲ."

ಅವಳು ಎದ್ದು ನನ್ನ ಹತ್ತಿರ ಬಂದಳು. ತಂಗಿ ಎನ್ನಲಿಲ್ಲ, ದೊಡ್ಡ ಮನೆಯ ಹೆಂಗಸರನ್ನು ಕರೆಯುವಂತೆ ಕರೆದಳು.

"ಬಾಯಾರ, ಅವತ್ತು ಯಾರು ಸತ್ತಾರಂತ ನಿಂತಿದ್ವಿರಿ ನಾವು?"

ಆ 'ರಿ' ನನ್ನನ್ನು ದೂರ ನಿಲ್ಲಿಸಿತು. "ಯಾರೂ ಇಲ್ಲಕ್ಕ. ನಾ ಬ್ಯಾಡ ಅಂದೆ, ಅವ್ರು..."

"ಅಂವ ಎಲ್ಲೆರ ಇದನ್ನ ನೋಡಿದ್ರ ಏನ್ ತಿಳ್ಕೊಳ್ತಾನ್ರಿ? ನಾ ಅವನ್ನ ಮಣ್ಣು ಮಾಡಿ ಕುಂತೀನಿ ಅಂತ ತಿಳ್ಕೊಳ್ತಾನ. ಮತ್ತ ಬರ್ತಾನೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿಸಿದಳು: "ವಿಮಾನದ ಫೋಟೊನೂ ಸುಳ್ಳಾ. ಅದು ನಾವಾ ನಿಂತು ತಗಸ್ಕೊಂಡ ಸುಳ್ಳು. ಇದು ನಿಮ್ದು."

ನಾನು ಅವಳ ಮಾತನ್ನೆಲ್ಲ ನಿರ್ದೇಶಕರಿಗೆ ಹಿಂದಿಯಲ್ಲಿ ಹೇಳಿದೆ. ಒಂದನ್ನೂ ಮೃದು ಮಾಡಲಿಲ್ಲ. ಅವರ ಮುಖ ಬಾಡಿತು. ಕೊಟ್ಟ ಮಾತು ಕೊಟ್ಟ ಮಾತೇ, ತೆಗೆದುಬಿಡೋಣ ಎಂದರು. ಆದರೆ ಅವಳು ಪೂರ್ತಿ ತೆಗೆಯಲು ಒಪ್ಪಲಿಲ್ಲ. "ತಗದ್ರ ನಾ ಎಲ್ಲಿ ಕಾಣ್ತೀನಿ? ಬ್ಯಾರೆ ಕಡೆ ಎಲ್ಲಾ ಬುಟ್ಟಿ ಹೊತ್ತೀನಿ, ಬೆನ್ನಷ್ಟಾ ಕಾಣತೈತಿ. ಇರ್ಲಿ. ಇದ್ದದ್ದು ಇದ್ದಂಗ ಹಾಕ್ರಿ."

ಮರುದಿನ ತಾರ್ನಾಕದ ಕೋಣೆಯಲ್ಲಿ ಟೇಪು ಹಿಂದೆ ಮುಂದೆ ಓಡಿಸಿ ಆ ಜಾಗ ಹುಡುಕಿದೆ. ನಿಮಿಷ ಮುಗಿದ ಕೂಡಲೇ ಅವಳ ಪ್ರಶ್ನೆ, ನನ್ನ ಉತ್ತರ, ಅತ್ತೆಯ ಮೇಲಿನ ತಮಾಷೆ, ನಗು, ಎಲ್ಲ ಇತ್ತು. ಕ್ಯಾಮೆರಾದವನೂ ನಿಲ್ಲಿಸಿರಲಿಲ್ಲ, ಪುಣ್ಯಾತ್ಮ. ನಿರ್ದೇಶಕರು ಅದನ್ನು ಎರಡು ಸಲ ಹಾಕಿಸಿ ನೋಡಿದರು. ಮುದುಕನ ಕಥೆಯನ್ನು ಬೇರೆ ಕಡೆಗೆ ಸರಿಸಿದರು. ಇವರು ಸುಮ್ಮನೆ ನಿಂತದ್ದು, ತಲೆ ಎತ್ತಿದ್ದು, ನಕ್ಕದ್ದು ಎಲ್ಲವನ್ನೂ ಎಲ್ಲಿಯೂ ಕತ್ತರಿಸದೆ ಇಟ್ಟರು. "ಅಳು ಹೋಯಿತು" ಎಂದರು ನೋವಿನಿಂದ. ಹೋಗಲಿ ಎಂದೆ ನಾನು.

ಮತ್ತೆ ಬೆಡ್‌ಶೀಟ್ ಕಟ್ಟಿದೆವು. ಈ ಸಲ ಪರದೆಯ ಮೇಲಿನ ಅವಳು ತಲೆಯೆತ್ತಿ "ಯಾರು ಸತ್ತಾರ ತಂಗಿ?" ಎಂದಳು. "ಯಾರೂ ಸತ್ತಿಲ್ಲಕ್ಕ" ಎಂದು ನನ್ನ ದನಿ ಕೇಳಿತು, ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ. ಅತ್ತೆ ಬಾಯಿ ಮುಚ್ಚುವ ತಮಾಷೆಗೆ ಅತ್ತೆಯೂ ಸೇರಿ ಎಲ್ಲರೂ ನಕ್ಕರು.

"ಇನ್ನೊಮ್ಮೆ ಹಾಕ್ರಿ" ಎಂದಳು ಅವಳು. ಹಾಕಿದೆವು. ಅವಳು ಮೈದುನನ ಕಡೆ ತಿರುಗಿದಳು. "ಕೇಳಿದಿ? ಯಾರೂ ಸತ್ತಿಲ್ಲ ಅಂತ ಐತಿ ಪಿಚ್ಚರದಾಗ."

ಯಾವುದೋ ಮಧ್ಯಾಹ್ನ, ರೊಟ್ಟಿ ಊಟದ ಹೊತ್ತಿನಲ್ಲಿ, ನಾನು ನೋಡೇ ಇರದ ಆ ಮನುಷ್ಯನ ವಿಷಯವೇ ಗೊತ್ತಿಲ್ಲದೆ ಆಡಿದ ಮಾತು ಅದು. ಈಗ ಅದು ಅವನು ಬದುಕಿದ್ದಾನೆ ಎಂಬುದಕ್ಕೆ ಸಾಕ್ಷಿ ನಿಂತಿತ್ತು. ನಿರ್ದೇಶಕರ ಕತ್ತರಿ ಮಾಡಿದ್ದನ್ನೇ ನನ್ನ ದನಿಯೂ ಮಾಡುತ್ತಿದೆಯಲ್ಲ ಎಂದು ದಿಗಿಲಾಯಿತು.

ಮೈದುನ ನಗಲಿಲ್ಲ. ಒರಟನಲ್ಲ ಅವನು, ಮದುವೆಗೆ ಕಾದು ಕಾದು ಬೇಸತ್ತವನು. ನೇರವಾಗಿ ನನ್ನನ್ನೇ ಕೇಳಿದ: "ಬಾಯಾರ, ಖರೇ ಹೇಳ್ರಿ. ನಮ್ಮಣ್ಣ ಅದಾನಂತ ನಿಮಗ ಗೊತ್ತೈತೇನ್ರಿ?"

ಎಲ್ಲರೂ ನನ್ನ ಕಡೆ ನೋಡಿದರು. ಹೂಂ ಎಂದರೆ ಅವಳ ಬಳೆ ಉಳಿಯುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. "ಇಲ್ಲ" ಎಂದೆ. "ನಂಗ ಗೊತ್ತಿಲ್ಲ. ಅವತ್ತಿನ ಮಾತು ಅವತ್ತಿಂದಷ್ಟಾ." ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ, ಪ್ರೊಜೆಕ್ಟರಿನ ವೈರು ನೋಡುತ್ತ ನಿಂತೆ.

ಅವಳ ದನಿ ಕೇಳಿತು, ಸಿಟ್ಟಿಲ್ಲದ ದನಿ. "ಆಕಿಗೆ ಹೆಂಗ ಗೊತ್ತಿರತೈತಿ? ನನಗೂ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಗೊತ್ತಾಗೂಮಟ ಗೊಂಬಿ ಮಾಡಬ್ಯಾಡ್ರಿ ಅಂತನಾ ನಾ ಇಷ್ಟು ದಿನದಿಂದ ಬಡ್ಕೊಳಾಕತ್ತೀನಿ."

ಮೈದುನ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಆ ಬೇಸಿಗೆಯಲ್ಲಿ ಅವನ ಮದುವೆಯಾಯಿತು, ಗೊಂಬೆ ಮಾಡದೆಯೇ. ಹೆಣ್ಣಿನವರನ್ನು ಹೇಗೆ ಒಪ್ಪಿಸಿದನೋ, ನನಗೆ ಹೇಳಲಿಲ್ಲ. ಅವಳು ಕೈತುಂಬ ಹಸಿರು ಬಳೆ ಹಾಕಿಕೊಂಡು ಎಲ್ಲರಿಗೂ ಬಡಿಸುತ್ತಿದ್ದಳು.

ಚಿತ್ರ ಅಲ್ಲಿ ಇಲ್ಲಿ ಓಡಾಡಿತು. ಕಾಲೇಜುಗಳಲ್ಲಿ, ಸಣ್ಣ ಸಭಾಂಗಣಗಳಲ್ಲಿ, ಪುಣೆಯಲ್ಲಿ, ಮುಂಬೈಯಲ್ಲಿ. ಬಂದು ಕೂತವರು ನಮ್ಮಂಥವರೇ. ಚಿತ್ರ ನೋಡುವ ಮೊದಲೇ ಅದರ ಮಾತನ್ನು ಒಪ್ಪಿಕೊಂಡಿದ್ದವರು, ಕೊನೆಗೆ ಚರ್ಚೆ ಮಾಡಿ ಚಹಾ ಕುಡಿದು ಹೋಗುವವರು. ಬುಟ್ಟಿ ಹೊರುವ ಮನುಷ್ಯನನ್ನು ಅಂಥ ಕಟ್ಟಡದ ಗೇಟಿನಲ್ಲೇ ಯಾರು ನೀನು ಎಂದು ತಡೆಯುತ್ತಾರೆ. ಇದು ನನಗೆ ಆಗಲೂ ಗೊತ್ತಿತ್ತು. ಅವಳಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಹಾಗಾಗಿ ಎಲ್ಲಿ ತೋರಿಸಿದರೂ ನಾನು ಕೂರುವುದಿಲ್ಲ, ಬಾಗಿಲಲ್ಲೇ ನಿಲ್ಲುತ್ತೇನೆ. ಅವರೆಲ್ಲ ತಲೆ ತಗ್ಗಿಸಿ ನಿಲ್ಲುವ ಜಾಗ ಬಂದಾಗ ಪರದೆಯಿಂದ ಕಣ್ಣು ತೆಗೆದು ಸೇರಿದವರ ಕಡೆ ನೋಡುತ್ತೇನೆ. ಕುರ್ಚಿ ಜೋಡಿಸುವವರು, ನೀರಿನ ಕ್ಯಾನು ಹೊತ್ತು ತಂದವರು ಬಾಗಿಲಲ್ಲಿ ಒಂದು ಕ್ಷಣ ನಿಂತರೆ ಅವರ ಎಡ ಹುಬ್ಬು ನೋಡುತ್ತೇನೆ. ನಾಲ್ಕು ಜನ ನನ್ನನ್ನು ವಿಚಿತ್ರವಾಗಿ ನೋಡಿಯೂ ಇದ್ದಾರೆ.

ಊರಿಗೆ ಮರಳಿದ ಮೇಲೆ ಲಿಂಗಂಪಲ್ಲಿಗೆ ಹೋಗುತ್ತೇನೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಎಲ್ಲೆಲ್ಲಿ ತೋರಿಸಿದಿರಿ ಎಂದು ಕೇಳುತ್ತಾಳೆ, ನಾನು ಊರುಗಳ ಹೆಸರು ಹೇಳುತ್ತೇನೆ. ಜನ ಚಪ್ಪಾಳೆ ತಟ್ಟಿದರೇ, ಏನಂದರು ಎಂದು ಯಾವತ್ತೂ ಕೇಳಿಲ್ಲ.

"ಬಾಗಲದ ಕಡೆ ನೋಡಿದಿ?" ಎನ್ನುತ್ತಾಳೆ.

"ನೋಡೀನಕ್ಕ" ಎನ್ನುತ್ತೇನೆ.